ಉಡದಾರದ ಕೀಲಿಕೈ

"ಅಜ್ಜಾರ, ಕೈಕೆಳಗಿನವರನ್ನು ಎಷ್ಟು ನಂಬಬೇಕು?" ಎಂದು ಗುರುಸಿದ್ಧ ಕೇಳಿದ.

ಗುರುಸಿದ್ಧ ಮಠದ ಶಿಷ್ಯ. ಮಠದ ಪ್ರಸಾದ ನಿಲಯದ ಉಸ್ತುವಾರಿ ಅವನ ಹೆಗಲಿಗೆ ಬಂದಿತ್ತು. ಅಡುಗೆಯವರು, ನೀರು ಬಿಡುವವರು, ಗಾಡಿ ಓಡಿಸುವವರು, ಎಲ್ಲರೂ ಇನ್ನು ಮುಂದೆ ಅವನ ಮಾತಿನಂತೆ ನಡೆಯಬೇಕಿತ್ತು.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಶೇಂಗಾ ಸುಲಿಯುತ್ತಿದ್ದರು. ಅವರ ಕೈ ನಿಂತಿತು.

"ಎಷ್ಟು ಎಂದರೆ? ಸೇರೋ, ಪಾವೋ?"

"ಹಾಗಲ್ಲ ಅಜ್ಜಾರ. ಪೂರ್ತಿ ನಂಬಿದರೆ ತಲೆಯ ಮೇಲೆ ಕೂರುತ್ತಾರೆ. ನಂಬದಿದ್ದರೆ ಕೆಲಸ ನಡೆಯುವುದಿಲ್ಲ. ಒಂದು ಅಳತೆ ಬೇಕಲ್ಲ?"

"ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಬರಲಿ. ಸನ್ಯಾಸಿಗೆ ಸಿಟ್ಟು ಬರಬಾರದು ಎಂದವರು ಈ ವರ್ತಕನನ್ನು ನೋಡಿರಲಿಲ್ಲ."

ಅಜ್ಜನವರು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಹೆಸರು ಹೇಳುವುದಿಲ್ಲ. ಹೇಳಿದರೆ ಅವನು ಮಠಕ್ಕೆ ಬಂದಾಗ ನೀನು ಮುಖ ಸಿಂಡರಿಸುತ್ತೀ. ಅವನಿಗೊಂದು ದೊಡ್ಡ ಕಾರು, ಕಾರಿಗೊಬ್ಬ ಚಾಲಕ. ವರ್ತಕ ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಆ ಸೀಟಿಗೆ ಬಿಳಿ ಟವೆಲು ಹೊದಿಸಿತ್ತು.

ನಮ್ಮ ಬಯಲುಸೀಮೆಯ ಬಿಸಿಲು ನಿನಗೆ ಗೊತ್ತು. ವರ್ತಕ ಮಾರ್ಕೆಟ್ಟಿಗೆ ಹೋಗಲಿ, ಮದುವೆಗೆ ಹೋಗಲಿ, ಚಾಲಕ ಕಾರಿನೊಳಗೇ ಕೂತು ಕಾಯಬೇಕು. ಸಾಹುಕಾರ ಇಳಿದ ಕೂಡಲೆ ಎಸಿ ಬಂದ್. ಇದು ಆ ಮನೆಯ ಪದ್ಧತಿ. ಕಿಟಕಿಯ ಗಾಜು ಇಳಿಸುವಂತೆಯೂ ಇಲ್ಲ. ಇಳಿಸಿದರೆ ಧೂಳು ಬಂದು ಟವೆಲು ಕೆಂಪಾಗುತ್ತದೆ. ಟವೆಲು ಕೆಂಪಾಗಬಾರದು, ಮನುಷ್ಯ ಬೆಂದರೆ ಅಡ್ಡಿಯಿಲ್ಲ.

ಒಂದು ಮಧ್ಯಾಹ್ನ ವರ್ತಕ ಬೇಗ ಬಂದ. ಬಾಗಿಲು ತೆಗೆದ. ಒಳಗೆ ತಂಪಾಗಿತ್ತು. ಬಿಸಿಲಿನಿಂದ ಬಂದವನಿಗೆ ಹಾಯೆನಿಸಬೇಕು. ಇವನಿಗೆ ಮೈ ಉರಿಯಿತು. ತನಗಾಗಿ ಸೀಟಿನ ಮೇಲೆ ಕಾದಿದ್ದ ತಂಪು ಅವನಿಗೆ ಕಾಣಲಿಲ್ಲ. ತಾನಿಲ್ಲದಾಗ ಇನ್ನೊಬ್ಬನ ಮೈಗೆ ತಾಗಿದ ತಂಪಷ್ಟೇ ಕಂಡಿತು.

"ನಾ ಇಲ್ದಾಗ ಎಸಿ ಹಚ್ಚಂತ ನಿನಗ ಯಾರ ಹೇಳ್ಯಾರಲೇ?"

"ತಪ್ಪಾತ್ರಿ ಸಾವ್ಕಾರ್ರ. ಕಣ್ಣಿಗಿ ಕತ್ತಲಿ ಬಂದಂಗ ಆಗಿತ್ರಿ."

ಚಾಲಕ ದೇವರಂಥವನು ಎಂದು ನಾನು ಹೇಳುತ್ತಿಲ್ಲ. ಹೇಳದೆ ಕೇಳದೆ ಎಸಿ ಹಾಕಿದ್ದ. ಅದಕ್ಕೆ ಮೊದಲೂ ಹಾಕಿರಬಹುದು. ಆದರೆ ಸುಡು ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯೊಳಗೆ ಕೂತವನು ಒಂದಿಷ್ಟು ತಣ್ಣನೆ ಗಾಳಿ ತೆಗೆದುಕೊಂಡರೆ ಅದನ್ನು ಕಳ್ಳತನ ಎನ್ನುವವನ ಬಾಯಲ್ಲಿ ಹುಳ ಬೀಳಲಿ.

ಗುರುಸಿದ್ಧ ಬೆಚ್ಚಿ ನೋಡಿದ. ಅಜ್ಜನವರ ಬಾಯಲ್ಲಿ ಅಂಥ ಮಾತನ್ನು ಅವನು ಕೇಳಿರಲಿಲ್ಲ.

"ಮೊದಲೇ ಹೇಳಿದೆನಲ್ಲ, ಸಿಟ್ಟು ಬರುತ್ತದೆ ಎಂದು. ಕೇಳು ಮುಂದೆ."

ವರ್ತಕ ಕಾರನ್ನು ವಯರಿಂಗ್ ಮಾಡುವವನ ಅಂಗಡಿಗೆ ಒಯ್ದ. ಎಸಿ ಹಾಕುವುದೂ ತೆಗೆಯುವುದೂ ತನ್ನ ಕೈಯಲ್ಲೇ ಇರಬೇಕು ಎಂದ. ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಸ್ವಿಚ್ಚು ಕೂರಿಸು, ಅದು ಕೀಲಿಕೈ ಹಾಕಿ ತಿರುಗಿಸಿದರಷ್ಟೇ ತಿರುಗಬೇಕು ಎಂದ.

ಇಲ್ಲಿ ನಿನಗೆ ಸ್ವಲ್ಪ ವಯರಿಂಗ್ ಹೇಳಬೇಕು. ಆಕಳಿಸಬೇಡ. ಧರ್ಮ ಇರುವುದು ಇದರಲ್ಲೇ.

ಚಾಲಕನ ಎದುರಿಗೆ ಎಸಿಯ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ತಂಪು ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಗುಂಡಿ ತಂಪು ಕೊಡುವುದಿಲ್ಲ. ಅದು ಬರೀ ಕೇಳುತ್ತದೆ. ಅದರ ಕೇಳಿಕೆ ಒಂದು ಸಣ್ಣ ತಂತಿಯಲ್ಲಿ ಹೊರಡುತ್ತದೆ. ದಾರಿಯಲ್ಲಿ ಕೆಲವರು ಕಾವಲು ಕೂತಿರುತ್ತಾರೆ. ಗಾಳಿ ಬೀಸುವ ಫ್ಯಾನು ತಿರುಗುತ್ತಿದೆಯೇ ಎಂದು ಒಬ್ಬ ನೋಡುತ್ತಾನೆ. ಕೊಳವೆಯಲ್ಲಿ ಗ್ಯಾಸು ಸಾಕಷ್ಟಿದೆಯೇ, ಒತ್ತಡ ಮೀರಿದೆಯೇ ಎಂದು ಇನ್ನೊಬ್ಬ ನೋಡುತ್ತಾನೆ. ಒಳಗೆ ಮಂಜುಗಡ್ಡೆ ಕಟ್ಟುವಷ್ಟು ಚಳಿಯಾಯಿತೇ ಎಂದು ಮತ್ತೊಬ್ಬ. ಎಲ್ಲರೂ ಹೂಂ ಎಂದ ಮೇಲೆ ರಿಲೇ ಎಂಬ ಪುಟ್ಟ ಪೆಟ್ಟಿಗೆ ಟಕ್ ಎನ್ನುತ್ತದೆ. ಸಣ್ಣ ತಂತಿಯ ಮಾತು ಕೇಳಿ ದೊಡ್ಡ ಕರೆಂಟಿಗೆ ಬಾಗಿಲು ತೆಗೆಯುವುದು ಅದರ ಕೆಲಸ. ಆಗ ಎಂಜಿನ್ನಿನ ಪಕ್ಕದಲ್ಲಿರುವ ಕಂಪ್ರೆಸರು ತಿರುಗುತ್ತದೆ. ಆಮೇಲೆ ತಂಪು.

ಆ ಕಾವಲಿನವರಲ್ಲಿ ಒಬ್ಬ ಊಹೂಂ ಎಂದರೂ ಎಲ್ಲ ನಿಲ್ಲುತ್ತದೆ. ಆದರೆ ಯಾರೂ ದರ್ಪ ತೋರಿಸಲು ಊಹೂಂ ಎನ್ನುವುದಿಲ್ಲ. ಗ್ಯಾಸು ಇಲ್ಲದೆ ತಿರುಗಿದರೆ ಕಂಪ್ರೆಸರು ಕೆಡುತ್ತದೆ, ಅದಕ್ಕೆ ಬೇಡ ಎನ್ನುತ್ತದೆ ಆ ಕಾವಲಿನ ಸ್ವಿಚ್ಚು. ಕಾರಣ ತೀರಿದ ಕೂಡಲೆ ದಾರಿ ಬಿಡುತ್ತದೆ.

ಹೀಟರಿನ ದಾರಿ ಬೇರೆ. ಅದಕ್ಕೆ ಕಂಪ್ರೆಸರು ಬೇಡ. ಎಂಜಿನ್ನನ್ನು ಸುತ್ತಿ ಬಂದ ಬಿಸಿನೀರು ಇದ್ದೇ ಇರುತ್ತದೆ. ಗುಂಡಿ ತಿರುಗಿಸಿದರೆ ಒಳಗಿನ ಒಂದು ಮುಚ್ಚಳ ಸರಿಯುತ್ತದೆ, ಗಾಳಿ ಆ ಬಿಸಿಯ ಮೇಲೆ ಹಾದು ಬರುತ್ತದೆ.

ಇನ್ನೊಂದೇ ಮಾತು. ಮಳೆಯಲ್ಲಿ ಹೋಗುವಾಗ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಹಿಡಿಯುತ್ತದೆ. ಅದು ನಮ್ಮದೇ ಉಸಿರಿನ ಹಬೆ. ಅದನ್ನು ತೆಗೆಯಲು ಗಾಜಿನ ಚಿತ್ರವಿರುವ ಬೇರೆ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕಾರು ತಾನಾಗಿಯೇ ಎಸಿಯನ್ನು ಕರೆಯುತ್ತದೆ, ಹೊರಗೆ ಎಷ್ಟೇ ಚಳಿಯಿರಲಿ. ಎಸಿ ಗಾಳಿಯೊಳಗಿನ ನೀರನ್ನು ಹಿಂಡಿ ತೆಗೆಯುತ್ತದೆ. ಹೀಟರು ಆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಒಣ ಗಾಳಿ ಬಡಿದು ಗಾಜು ತಿಳಿಯಾಗುತ್ತದೆ. ಎಸಿ ಎಂದರೆ ಬರೀ ಸುಖವಲ್ಲ, ಅದು ಚಾಲಕನ ಕಣ್ಣು ಕೂಡ ಹೌದು. ಕಾರು ಮಾಡಿದವರಿಗೆ ಇದು ಗೊತ್ತಿತ್ತು. ಈ ಕರೆಯೂ ಹೋಗುವುದು ಅದೇ ಸಣ್ಣ ತಂತಿಯಲ್ಲಿ.

ವಯರಿಂಗಿನವನು ಆ ತಂತಿಯನ್ನು ಕೈಯಲ್ಲಿ ಹಿಡಿದು ವರ್ತಕನತ್ತ ತಿರುಗಿದ.

"ಸಾವ್ಕಾರ್ರ, ಇದನ್ನ ಕತ್ತರಿಸಿದ್ರ ಮಳ್ಯಾಗ ಗಾಜ ತಿಳಿ ಆಗಂಗಿಲ್ರಿ."

"ಗಾಜ ಒರಸಾಕ ಅರಿವಿ ಐತಿ. ನೀ ಹೇಳಿದಷ್ಟ ಮಾಡು."

ಅವನು ಕತ್ತರಿಸಿದ. ಗೊತ್ತಿದ್ದೂ ಕತ್ತರಿಸಿದ. ಕೇಳಿದರೆ ಹೊಟ್ಟೆಪಾಡು ಎನ್ನುತ್ತಾನೆ. ಹೊಟ್ಟೆ ಯಾರಿಗಿಲ್ಲ? ಒಂದು ಸಲ ಹೇಳಿ ಕೈ ತೊಳೆದುಕೊಳ್ಳುವವರನ್ನು ಕಂಡರೂ ನನಗೆ ಆಗುವುದಿಲ್ಲ.

ಹೀಗೆ ಆ ದಾರಿಯಲ್ಲಿ ಹೊಸದೊಂದು ಕಾವಲು ಕೂತಿತು. ಉಳಿದವು ಫ್ಯಾನು ನೋಡುತ್ತಿದ್ದವು, ಗ್ಯಾಸು ನೋಡುತ್ತಿದ್ದವು, ಚಳಿ ನೋಡುತ್ತಿದ್ದವು. ವರ್ತಕನ ಸ್ವಿಚ್ಚು ಚಾಲಕನನ್ನಷ್ಟೇ ನೋಡುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಹಾಗೆ. ಗುಂಡಿ ಕೇಳಿದರೂ, ಕಾವಲಿನವರೆಲ್ಲ ಒಪ್ಪಿದರೂ, ಹಿಂದೆ ಕೂತ ಈ ಪೂಜಾರಿ ಒಪ್ಪಬೇಕು.

ಸ್ವಿಚ್ಚಿನ ಕೀಲಿಕೈಯನ್ನು ವರ್ತಕ ಎಲ್ಲಿಟ್ಟುಕೊಂಡ ಗೊತ್ತೇ? ಉಡದಾರಕ್ಕೆ ಕಟ್ಟಿಕೊಂಡ. ತಿಜೋರಿಯ ಕೀಲಿಕೈ ಜೇಬಿನಲ್ಲಿ, ಗಾಳಿಯ ಕೀಲಿಕೈ ಸೊಂಟದಲ್ಲಿ. ಪ್ರತಿ ಸಲ ಅಂಗಿ ಎತ್ತಿ, ಧೋತರ ಸಡಿಲಿಸಿ, ಬಗ್ಗಿ ತಿರುಗಿಸಬೇಕು. ನೋಡಿದವರು ಮುಸಿಮುಸಿ ನಗುತ್ತಿದ್ದರು. ಅವನಿಗೆ ಅದರ ಪರಿವೆಯಿರಲಿಲ್ಲ. ಕಾರಿನಿಂದ ಇಳಿಯುವಾಗ ಕೀಲಿ ತಿರುಗಿಸಿ ಎಳೆದುಕೊಳ್ಳುವ ಆ ಗಳಿಗೆಯಲ್ಲಿ ಅವನಿಗೆ ದೊರೆಯಾದಷ್ಟು ಹಿಗ್ಗು.

ಮಳೆಗಾಲ ಬಂತು. ವರ್ತಕ ಬೀಗರ ಮನೆಯ ಮದುವೆಗೆ ಕರಾವಳಿಗೆ ಹೋದ. ಮರಳಿ ಬರುವಾಗ ಘಾಟಿ ಹತ್ತಬೇಕು. ಹಗಲು ಹೊತ್ತೇ. ಮಳೆ ಮಾತ್ರ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಕಾರಿನಲ್ಲಿ ಇವರಿಬ್ಬರೇ. ವರ್ತಕನ ಬಟ್ಟೆ ಒದ್ದೆ, ಕೊಡೆ ಒದ್ದೆ. ಅವನಿಗೆ ಚಳಿಯಾಯಿತು. ಅಂಗಿ ಎತ್ತಿದ, ಎಸಿ ಬಂದ್ ಮಾಡಿದ, ಶಾಲು ಹೊದ್ದು ಒರಗಿದ.

ಮುಂದಿನ ಗಾಜಿಗೆ ಒಳಗಿನಿಂದ ಮಂಜು ಹಿಡಿಯತೊಡಗಿತು. ಚಾಲಕ ಗಾಜಿನ ಚಿತ್ರದ ಗುಂಡಿ ಒತ್ತಿದ. ಫ್ಯಾನು ಬೀಸಿತು. ಒದ್ದೆ ಗಾಳಿ ಗಾಜಿಗೆ ಬಡಿಯಿತು. ಮಂಜು ಇನ್ನಷ್ಟು ದಪ್ಪವಾಯಿತು.

"ಸಾವ್ಕಾರ್ರ, ಗಾಜ ಮಸಕ ಆಗೇತ್ರಿ. ರಸ್ತೆ ಕಾಣವಲ್ದು. ಜರಾ ಎಸಿ ಚಾಲೂ ಮಾಡ್ರಿ."

"ಈ ಥಂಡ್ಯಾಗ ಎಸಿ? ಬ್ಯಾಸಗ್ಯಾಗಿನ ಚಟ ಮಳಿಗಾಲಕ್ಕೂ ಬಂತೇನು?"

ಚಾಲಕ ಹೀಟರು ತಿರುಗಿಸಿದ. ಅದಕ್ಕೆ ಯಾರ ಕೀಲಿಕೈಯೂ ಬೇಕಿರಲಿಲ್ಲ. ಬಿಸಿ ಗಾಳಿಗೆ ಗಾಜಿನ ಬುಡದಲ್ಲಿ ಒಂದು ಗೇಣು ತಿಳಿಯಾಯಿತು. ಅಷ್ಟರಲ್ಲಿ ಹಿಂದಿನಿಂದ ಶಾಲು ಕೊಡವಿದ ಸದ್ದು.

"ಕುದಿಸಿ ಕೊಲ್ಲತೀಯೇನಲೇ? ಬಂದ್ ಮಾಡು."

"ಎರಡೂ ಕೂಡೇ ಹಚ್ಚಬೇಕ್ರಿ. ಅಂದ್ರ ಗಾಜ ತಿಳಿ ಆಕ್ಕೈತ್ರಿ. ನಿಮಗ ಥಂಡೀನೂ ಆಗಂಗಿಲ್ಲ, ಶೆಕೀನೂ ಆಗಂಗಿಲ್ಲ."

"ಒಲಿ ಮುಂದ ಕುಂತು ಬೀಸಣಿಗಿ ಬೀಸ್ಕೊಂಡಂಗ ಆತು. ನನಗ ಶಾಣ್ಯಾತನ ಹೇಳಬ್ಯಾಡ."

ಚಾಲಕ ಹೀಟರು ಬಂದ್ ಮಾಡಿದ. ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿದ. ಮಳೆ ಒಳಗೆ ಸಿಡಿಯಿತು. ಟವೆಲಿಗೆ ನೀರು ಹಾರುತ್ತದೆ ಎಂದು ಬೈಗುಳ ಬಂತು. ಏರಿಸಿದ.

"ಒಂದ ಕಡೆ ನಿಂದ್ರಸಲೇನ್ರಿ?"

"ಈ ತಿರುವಿನ್ಯಾಗ ನಿಂದ್ರಸ್ತೀಯಾ? ಹಿಂದಿಂದ ಯಾರರೆ ಬಂದು ಗುದ್ದಲಿ ಅಂತೇನು? ಅರಿವಿ ಐತಿ, ಒರಸ್ಕೋತ ನಡಿ."

ನೀನು ಕೇಳಬಹುದು, ಅವನು ಧೈರ್ಯ ಮಾಡಿ ನಿಲ್ಲಿಸಬಹುದಿತ್ತಲ್ಲ ಎಂದು. ನಿಲ್ಲಿಸಬಹುದಿತ್ತು. ಕಾರು ಬಿಟ್ಟು ಇಳಿದೂ ಹೋಗಬಹುದಿತ್ತು. ತಣ್ಣನೆ ಗಾಳಿ ತಗೊಂಡದ್ದಕ್ಕೆ ಬೇಸಗೆಯೆಲ್ಲ ಕಳ್ಳ ಎನಿಸಿಕೊಂಡವನಿಗೆ ಎಷ್ಟು ಧೈರ್ಯ ಉಳಿದಿರುತ್ತದೆ? ಬೈದು ಬೈದು ಬೆನ್ನು ಬಗ್ಗಿಸುವವರು ನಾವು. ಆಮೇಲೆ ನೆಟ್ಟಗೆ ಯಾಕೆ ನಿಲ್ಲಲಿಲ್ಲ ಎಂದು ಕೇಳುವವರೂ ನಾವೇ.

ವರ್ತಕ ಶಾಲು ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತು. ಕೀಲಿಕೈ ಅವನ ಸೊಂಟದಲ್ಲಿತ್ತು. ಚಾಲಕ ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು ಇನ್ನೊಂದು ಕೈಯಲ್ಲಿ ಗಾಜು ಒರೆಸುತ್ತ ನಡೆಸಿದ. ಒರೆಸಿದಷ್ಟು ಜಾಗ ಮತ್ತೆ ಬೆಳ್ಳಗಾಗುತ್ತಿತ್ತು. ಒಂದು ತಿರುವಿನಲ್ಲಿ ಕೆಟ್ಟು ನಿಂತ ಲಾರಿಯೊಂದಿತ್ತು. ಕಾರು ಅದರ ಹಿಂಭಾಗಕ್ಕೆ ನುಗ್ಗಿತು.

ವರ್ತಕನ ಭುಜದ ಮೂಳೆ ಮುರಿಯಿತು. ಚಾಲಕ ಅಲ್ಲೇ ಸತ್ತ. ಒರೆಸುವ ಅರಿವೆ ಅವನ ಕೈಯಲ್ಲೇ ಇತ್ತು.

ಅಜ್ಜನವರು ಮಾತು ನಿಲ್ಲಿಸಿದರು. ಮುಂದಿದ್ದ ಶೇಂಗಾ ಬುಟ್ಟಿಯನ್ನು ಆಚೆ ತಳ್ಳಿದರು. ಗುರುಸಿದ್ಧ ಕತೆ ಮುಗಿಯಿತೆಂದು ತಿಳಿದ. ಮುಗಿದಿರಲಿಲ್ಲ.

ಪೊಲೀಸರು ಬಂದು ಕೇಳಿದರು. ವರ್ತಕ ಏನೆಂದ? "ಅವಗ ಲಾರಿ ಕಾಣಲಿಲ್ರಿ," ಎಂದ. ಅದು ಸುಳ್ಳಲ್ಲ, ನೋಡು. ನನಗೆ ಸಿಟ್ಟು ಬರುವುದೇ ಅಲ್ಲಿ. ಸುಳ್ಳು ಹೇಳಿದ್ದರೆ ಇಂದಲ್ಲ ನಾಳೆ ಯಾರಾದರೂ ಹಿಡಿಯುತ್ತಿದ್ದರು. ಅವನು ನಿಜವನ್ನೇ ಹೇಳಿದ, ಅರ್ಧಕ್ಕೆ ಕತ್ತರಿಸಿ ಹೇಳಿದ. ಕಾಣಲಿಲ್ಲ ಎಂದ. ಯಾಕೆ ಕಾಣಲಿಲ್ಲ ಎಂಬುದನ್ನು ನುಂಗಿಕೊಂಡ.

ಮಾತು ಊರಿಗೆ ಬರುವ ಹೊತ್ತಿಗೆ ಬೆಳೆದಿತ್ತು. ಚಾಲಕನಿಗೆ ಕಣ್ಣೇ ಕಾಣುತ್ತಿರಲಿಲ್ಲವಂತೆ, ಹೊಟ್ಟೆಗಾಗಿ ಮುಚ್ಚಿಟ್ಟಿದ್ದನಂತೆ, ಪುಣ್ಯಕ್ಕೆ ಸಾಹುಕಾರರು ಉಳಿದರಂತೆ. ಸತ್ತವನು ಎದ್ದು ಬಂದು ಅಲ್ಲ ಎನ್ನುತ್ತಾನೆಯೇ? ಜೀವ ಹೋಗಿತ್ತು, ಬೆನ್ನಿಗೇ ಹೆಸರೂ ಹೋಯಿತು.

ಚಾಲಕನ ಹೆಂಡತಿ ಕೌದಿ ಹೊಲಿಯುವವಳು. ವರ್ತಕ ಸಾವಿನ ಮನೆಗೆ ಮಾತಾಡಿಸಲು ಹೋದಾಗ ನೆರೆದವರ ಮುಂದೆಯೇ ಕೇಳಿದಳು.

"ನನ್ನ ಗಂಡಗ ಕಣ್ಣ ಕಾಣತಿದ್ದಿಲ್ಲ ಅಂತೀರಲ್ರಿ. ಮುಂಜಾನಿ ಕೆಲಸಕ್ಕ ಹೋಗೂ ಮುಂದ ನನ್ನ ಸೂಜಿಗೆಲ್ಲ ದಾರ ಪೋಣಿಸಿ ಇಟ್ಟ ಹೋಗಾಂವ ಯಾರ ಮತ್ತ?"

ಜನ ವರ್ತಕನ ಮುಖ ನೋಡಿದರು. ಅದಕ್ಕೂ ಅವನ ಹತ್ತಿರ ಉತ್ತರವಿತ್ತು.

"ವಯಸ್ಸಾದ ಮ್ಯಾಲ ಹತ್ತರದ್ದು ಕಾಣತೈತಿ ತಂಗಿ, ದೂರಿಂದು ಕಾಣಂಗಿಲ್ಲ."

ವಯಸ್ಸಾದಂತೆ ಮೊದಲು ಮಸುಕಾಗುವುದು ಹತ್ತಿರದ್ದು. ಸೂಜಿಗೆ ದಾರ ಪೋಣಿಸಲು ಬಾರದ ಯಾವ ಮುದುಕನನ್ನು ಕೇಳಿದರೂ ಹೇಳುತ್ತಾನೆ. ಆದರೆ ನೆರೆದವರು ತಲೆಯಾಡಿಸಿದರು. ಸಾಹುಕಾರ ಹೇಳಿದ ಮೇಲೆ ತಲೆ ತಾನಾಗಿಯೇ ಆಡುತ್ತದೆ. ಆ ಹೆಣ್ಣುಮಗಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಇಷ್ಟೆಲ್ಲ ನನಗೆ ಯಾರು ಹೇಳಿದರು ಎಂದುಕೊಂಡೆ? ಆ ವರ್ತಕನೇ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಮಠಕ್ಕೆ ಬಂದಿದ್ದ. ಕಾಯಿ ಒಡೆಸಿದ. ಇಲ್ಲಿ, ನೀನು ಕೂತಲ್ಲೇ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದ. ಚಾಲಕ ಎಸಿ ಹಚ್ಚಿಕೊಂಡು ಕೂತಿದ್ದನೆಂದ, ಸ್ವಿಚ್ಚು ಕೂರಿಸಿದೆನೆಂದ, ವಯರಿಂಗಿನವನ ಬಾಯಿ ಮುಚ್ಚಿಸಿದೆನೆಂದ. ಘಾಟಿಯಲ್ಲಿ ಚಾಲಕ ಎಷ್ಟು ಸಲ ಕೇಳಿದನೆಂಬುದನ್ನೂ ಹೇಳಿದ, ಕಾಡುವ ಮಗುವಿನ ಮಾತು ಹೇಳುವಂತೆ. ಆಳುಗಳ ಕಾಟ ಹೇಗಿರುತ್ತದೆ ನೋಡಿ ಎಂದು ನನಗೆ ತಿಳಿಸುವುದು ಅವನ ಉದ್ದೇಶ. ತನ್ನ ಬಾಯಿಂದ ಏನು ಬರುತ್ತಿದೆ ಎಂಬುದು ಅವನ ಕಿವಿಗೆ ಬೀಳಲೇ ಇಲ್ಲ.

"ನೀನು ಆಗ ಏನು ಮಾಡುತ್ತಿದ್ದೆ?" ಎಂದು ಕೇಳಿದೆ.

"ನನಗ ಗಡದ್ದ ನಿದ್ದಿ ಹತ್ತಿತ್ತರಿ ಅಜ್ಜಾರ. ಗುದ್ದಿದ ಮ್ಯಾಲ ಎಚ್ಚರಾತು."

ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಇದೆ. ಕೆಟ್ಟದ್ದು ಇನ್ನೊಬ್ಬನ ಮನೆಯಾದರೆ ಬುದ್ಧಿಯೂ ಬರುವುದಿಲ್ಲ. ವರ್ತಕ ಹೊಸ ಕಾರು ಕೊಂಡ. ಹೊಸ ಚಾಲಕನನ್ನು ಇಟ್ಟುಕೊಂಡ. ಈ ಸಲ ಎಚ್ಚರಿಕೆಯಿಂದ ಮೊದಲೇ ಆ ಚಾಲಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ. ಕಣ್ಣು ಚೆನ್ನಾಗಿವೆ ಎಂದು ಡಾಕ್ಟರು ಹೇಳಿದ ಮೇಲೆ ಅದೇ ವಯರಿಂಗಿನವನನ್ನು ಕರೆಸಿ, ಹೊಸ ಕಾರಿಗೂ ಹಿಂದಿನ ಸೀಟಿನ ಪಕ್ಕದಲ್ಲಿ ಸ್ವಿಚ್ಚು ಕೂರಿಸಿದ.

ಅಜ್ಜನವರು ಶೇಂಗಾ ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಗುರುಸಿದ್ಧ ತಲೆ ತಗ್ಗಿಸಿ ಕೂತಿದ್ದ. ಹಾಗೆಯೇ ಹೇಳಿದ: "ಆ ವರ್ತಕ ಚಾಲಕನನ್ನು ಒಂದಿಷ್ಟಾದರೂ ನಂಬಿದ್ದರೆ ಒಂದು ಜೀವ ಉಳಿಯುತ್ತಿತ್ತು ಅಜ್ಜಾರ."

"ನಂಬಿರಲಿಲ್ಲ ಎಂದು ಯಾರು ಹೇಳಿದರು? ಪ್ರಾಣವನ್ನೇ ಅವನ ಕೈಗೆ ಕೊಟ್ಟು ಹಿಂದೆ ಗೊರಕೆ ಹೊಡೆಯುತ್ತಿದ್ದ. ಕೊಡದೆ ಇಟ್ಟುಕೊಂಡದ್ದು ತಣ್ಣನೆಯ ಗಾಳಿಯೊಂದನ್ನೇ."